ಸುವರ್ಣನಗರಿಯ ಪೇಢಿ: ವಿಲಿಯಂ ಶೆರ್ಮನ್ನನ ಜೀವನದ ಒಂದು ಘಟ್ಟ

ಅಮೆರಿಕ ದೇಶದ ಅಂತರ್ಯುದ್ಧದ ಚರಿತ್ರೆಯನ್ನು ಓದಿದವರಿಗೆ ವಿಲಿಯಂ ಟೆಕುಮ್ಸೆ ಶೆರ್ಮನ್ನನ ಹೆಸರು ಹೊಸದಲ್ಲ. ಅಟ್ಲಾಂಟಾ ನಗರವನ್ನು ಸುಟ್ಟು, ಸಮುದ್ರದವರೆಗೆ ದಂಡೆತ್ತಿ ನಡೆದ ಸೇನಾನಿ ಎಂದೇ ಲೋಕವು ಆತನನ್ನು ಬಲ್ಲುದು. ಆ ದಂಡಯಾತ್ರೆಯನ್ನು ಕೊಂಡಾಡುವುದು ಈ ಪುಟಗಳಿಗೆ ಒಪ್ಪುವ ಕೆಲಸವಲ್ಲ. ಆದರೆ ಯುದ್ಧಕ್ಕೆ ಮೊದಲು, ಚಿನ್ನದ ಹುಚ್ಚು ಹಿಡಿದ ಒಂದು ಊರಿನಲ್ಲಿ, ಇದೇ ಮನುಷ್ಯನು ನಾಲ್ಕು ವರ್ಷಗಳ ಕಾಲ ಬ್ಯಾಂಕು ನಡೆಸಿದನೆಂಬುದು ಅನೇಕರಿಗೆ ತಿಳಿಯದು. ಪರರ ಹಣವನ್ನು ಕೈಯಲ್ಲಿ ಹಿಡಿದು, ಅದನ್ನು ಕಾಪಾಡುವ ಸಲುವಾಗಿ ತನ್ನ ನಿದ್ರೆಯನ್ನೂ ಆರೋಗ್ಯವನ್ನೂ ಕಡೆಗೆ ತನ್ನ ಸ್ವಂತ ಹಣವನ್ನೂ ತೆತ್ತ ಆ ಶೆರ್ಮನ್ನನ ಕಥೆಯು, ಅಂಗಡಿಯ ಗಲ್ಲದ ಮುಂದೆ ಕುಳಿತು ಜೀವನ ಮಾಡುವವರೆಲ್ಲರೂ ಅರಿಯತಕ್ಕದ್ದಾಗಿದೆ.

ಶೆರ್ಮನ್ನನು 1820ನೆಯ ಇಸವಿ ಫೆಬ್ರವರಿ 8ರಂದು ಒಹಾಯೋ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಚಾರ್ಲ್ಸ್ ಶೆರ್ಮನ್ ವಕೀಲ; ಮುಂದೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದವನು. ಅದಕ್ಕೂ ಮೊದಲು ಆತನಿಗೆ ಸರಕಾರದ ತೆರಿಗೆ ವಸೂಲಿಯ ಅಧಿಕಾರವಿತ್ತು. ಆ ಕಾಲದಲ್ಲಿ ಅಲ್ಲಿ ಊರೂರಿನ ಬ್ಯಾಂಕುಗಳು ತಮ್ಮ ತಮ್ಮ ಹೆಸರಿನಲ್ಲಿ ಕಾಗದದ ನೋಟುಗಳನ್ನು ಹೊರಡಿಸುತ್ತಿದ್ದವು. ಆತನ ಕೈಕೆಳಗಿನವರು ಜನರಿಂದ ತೆರಿಗೆಯನ್ನು ಆ ನೋಟುಗಳಲ್ಲಿಯೇ ವಸೂಲು ಮಾಡಿದ್ದರು. 1817ರಲ್ಲಿ ಸರಕಾರವು ಇದ್ದಕ್ಕಿದ್ದಂತೆ, ಇನ್ನು ಮೇಲೆ ನಾಣ್ಯವನ್ನೂ ರಾಷ್ಟ್ರೀಯ ಬ್ಯಾಂಕಿನ ನೋಟನ್ನೂ ಅಲ್ಲದೆ ಬೇರೇನನ್ನೂ ಸ್ವೀಕರಿಸುವುದಿಲ್ಲವೆಂದು ಸಾರಿಬಿಟ್ಟಿತು. ಕೈಯಲ್ಲಿದ್ದ ನೋಟಿನ ಕಟ್ಟುಗಳು ಒಂದೇ ದಿನದಲ್ಲಿ ರದ್ದಿ ಕಾಗದವಾದವು. ತಪ್ಪು ತನ್ನದಲ್ಲವೆಂದು ಆ ತಂದೆ ಜಾರಿಕೊಳ್ಳಲಿಲ್ಲ. ಬಾಕಿಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಜೀವಮಾನವೆಲ್ಲ ಅದರ ಭಾರದಲ್ಲಿ ನವೆದನು. 1829ರಲ್ಲಿ ಆತನು ಅಕಸ್ಮಾತ್ ತೀರಿಕೊಂಡಾಗ ಹನ್ನೊಂದು ಮಕ್ಕಳ ಸಂಸಾರಕ್ಕೆ ಆಧಾರವೇ ಇರಲಿಲ್ಲ. ಒಂಬತ್ತು ವರ್ಷದ ವಿಲಿಯಂನನ್ನು ನೆರೆಯ ಗೃಹಸ್ಥನಾದ ಥಾಮಸ್ ಯೂಯಿಂಗ್ ಎಂಬಾತನು ಕರೆದೊಯ್ದು ತನ್ನ ಮಕ್ಕಳೊಡನೆ ಸಾಕಿದನು. ಈ ಯೂಯಿಂಗ್ ಮುಂದೆ ದೇಶದ ಖಜಾನೆಯ ಮಂತ್ರಿಯಾದನು. ಆತನ ಮಗಳು ಎಲೆನ್ 1850ರಲ್ಲಿ ಶೆರ್ಮನ್ನನ ಪತ್ನಿಯಾದಳು. ತಂದೆಯ ಆ ಕಾಗದದ ಸಾಲವನ್ನು ಮಾತ್ರ ಮಗನು ಎಂದೂ ಮರೆಯಲಿಲ್ಲವೆಂಬುದು ಆತನ ಮುಂದಿನ ನಡತೆಯಿಂದ ತಿಳಿದುಬರುತ್ತದೆ.

ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ 1840ರಲ್ಲಿ ವ್ಯಾಸಂಗ ಮುಗಿಸಿ ಶೆರ್ಮನ್ನನು ಸೈನ್ಯಕ್ಕೆ ಸೇರಿದನು. 1847ರ ಜನವರಿಯಲ್ಲಿ, 198 ದಿನಗಳ ಹಡಗಿನ ಪ್ರಯಾಣದ ತರುವಾಯ, ಕ್ಯಾಲಿಫೋರ್ನಿಯಾದ ಮಾಂಟೆರೆ ಬಂದರಿನಲ್ಲಿ ಇಳಿದನು. ಆಗ ಆ ಸೀಮೆಯಲ್ಲಿ ದನಗಾವಲುಗಳೂ ಮಣ್ಣಿನ ಮನೆಗಳೂ ಹೊರತು ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಮರುವರ್ಷ 1848ರ ಜನವರಿ 24ರಂದು ಕೊಲೋಮಾ ಎಂಬಲ್ಲಿ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬವನಿಗೆ ಹಳದಿಯ ಹರಳುಗಳು ಕಂಡವು. ಗಿರಣಿಯ ಒಡೆಯನಾದ ಸಟರನು ಇಬ್ಬರ ಕೈಯಲ್ಲಿ ಅದರ ಮಾದರಿಯನ್ನು ಸೈನ್ಯಾಧಿಕಾರಿ ಕರ್ನಲ್ ಮೇಸನ್ನನ ಕಚೇರಿಗೆ ಕಳುಹಿಸಿದನು. ಶೆರ್ಮನ್ನನು ನಾಲ್ಕು ವರ್ಷ ಹಿಂದೆ ಜಾರ್ಜಿಯಾದಲ್ಲಿ ಗಣಿಯ ಚಿನ್ನವನ್ನು ಕಂಡಿದ್ದವನಾದ್ದರಿಂದ ಪರೀಕ್ಷೆಯ ಕೆಲಸ ಅವನ ಪಾಲಿಗೆ ಬಂತು. ಒಂದು ಹರಳನ್ನು ಹಲ್ಲಿನಿಂದ ಕಚ್ಚಿ ನೋಡಿದನು; ಕೊಡಲಿಯ ಮೇಲಿಟ್ಟು ಬಡಿದು ಚಪ್ಪಟೆ ಮಾಡಿದನು. ಅದು ಅಪ್ಪಟ ಲೋಹವೆಂದು ತಿಳಿಯಿತು. ಆ ಬೇಸಗೆಯಲ್ಲಿ ಇಬ್ಬರೂ ಗಣಿಗಳನ್ನು ಸುತ್ತಿ ನೋಡಿ ಬರೆದು ಕಳುಹಿಸಿದ ವರದಿ, ಅದರ ಜೊತೆಗೆ ಹೋದ ಡಬ್ಬಿಯ ಚಿನ್ನ, ಇವೆರಡನ್ನು ಆಧರಿಸಿ ಅಧ್ಯಕ್ಷ ಪೋಕ್ 1848ರ ಡಿಸೆಂಬರಿನಲ್ಲಿ ಈ ಸಂಗತಿಯನ್ನು ಜಗತ್ತಿಗೆ ಸಾರಿದನು. ಮುಂದಿನ ವರ್ಷ ದೇಶದೇಶಗಳ ಜನ ಪ್ರವಾಹದಂತೆ ಹರಿದು ಬಂದಿತು.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಬೆಲೆಗಳು ಆಕಾಶಕ್ಕೇರಿ, ಸಿಪಾಯಿಗಳು ಗಣಿಗೆ ಓಡಿಹೋಗಿ, ಅಧಿಕಾರಿಗಳ ಸಂಬಳವು ಅಡಿಗೆಯವನ ಕೂಲಿಗೂ ಸಾಲದೆ ಹೋದಾಗ, ಶೆರ್ಮನ್ನನೂ ಮೇಸನ್ನನೂ ಮತ್ತೊಬ್ಬ ಅಧಿಕಾರಿಯೂ ತಲಾ 500 ಡಾಲರು ಹಾಕಿ ಕೊಲೋಮಾದಲ್ಲಿ ಗುಮಾಸ್ತನೊಬ್ಬನಿಂದ ಅಂಗಡಿ ನಡೆಸಿದರು. ತಲಾ 1,500 ಡಾಲರು ಕೈಸೇರಿತು. ಮಣ್ಣು ತೊಳೆದವರಿಗಿಂತ ಸಾಮಾನು ಮಾರಿದವರು ಮೇಲಾದರು. ಇದು ಎಲ್ಲ ಗಣಿಯ ಊರುಗಳಲ್ಲಿಯೂ ಕಂಡುಬರುವ ಮಾತೇ.

ಬ್ಯಾಂಕಿನ ವಿಷಯಕ್ಕೆ ಬರೋಣ. ಸೈಂಟ್ ಲೂಯಿ ನಗರದ ದೊಡ್ಡ ಶ್ರೀಮಂತನಾದ ಜೇಮ್ಸ್ ಲೂಕಸ್ ಮತ್ತು ಅವನ ಪಾಲುದಾರನಾದ ಹೆನ್ರಿ ಟರ್ನರ್ 1853ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಶಾಖೆಯನ್ನು ತೆರೆಯಲು ನಿಶ್ಚಯಿಸಿ, ಶೆರ್ಮನ್ನನನ್ನು ಅದರ ಮೇಲ್ವಿಚಾರಣೆಗೆ ಕರೆದರು. ಟರ್ನರನು ಸೈನ್ಯದಲ್ಲಿದ್ದಾಗಿನಿಂದ ಆತನ ಗೆಳೆಯ. ಶೆರ್ಮನ್ನನು ಒಮ್ಮೆಲೇ ಒಪ್ಪದೆ, ರಜೆ ಪಡೆದು, ಊರನ್ನು ಕಣ್ಣಾರೆ ನೋಡಿಬರಲು ಹೊರಟನು. ಏಪ್ರಿಲ್ 9ರ ಬೆಳಗಿನ ಜಾವ ಆತನ ಹಡಗು ಮಂಜಿನಲ್ಲಿ ದಾರಿ ತಪ್ಪಿ ಬಂಡೆಗೆ ಬಡಿಯಿತು. ಪ್ರಯಾಣಿಕರೆಲ್ಲರೂ ದಡ ಸೇರಿದರು. ಸುದ್ದಿ ಮುಟ್ಟಿಸಲೆಂದು ಮರದ ದಿಮ್ಮಿ ಹೇರಿದ ಒಂದು ಸಣ್ಣ ದೋಣಿಯನ್ನು ಹತ್ತಿದರೆ ಅದೂ ಬಂದರಿನ ಬಾಗಿಲಲ್ಲಿ ಮಗುಚಿತು. ಒಂದೇ ದಿನದಲ್ಲಿ ಎರಡು ಸಲ ನೌಕಾಘಾತ! ಒದ್ದೆ ಬಟ್ಟೆಯಲ್ಲಿಯೇ ಆತನು ಆ ಊರಿನ ವ್ಯಾಪಾರದ ಬೀದಿಯನ್ನು ಪ್ರವೇಶಿಸಿದನು. ಅಪಶಕುನವೆಂದು ಹಿಂದಿರುಗುವವನು ಅವನಾಗಿರಲಿಲ್ಲ. ಲೂಕಸನಿಂದ ಬಂಡವಾಳವನ್ನು ಹೆಚ್ಚಿಸುವ ಭರವಸೆ ಪಡೆದ ಮೇಲೆಯೇ ಸೆಪ್ಟೆಂಬರಿನಲ್ಲಿ ಸೈನ್ಯಕ್ಕೆ ರಾಜೀನಾಮೆ ಕೊಟ್ಟು, ಹಿರಿಯ ಮಗಳನ್ನು ಅಜ್ಜಿ ತಾತಂದಿರ ಬಳಿ ಬಿಟ್ಟು, ಪತ್ನಿಯೊಡನೆಯೂ ಕಿರಿಯ ಮಗಳೊಡನೆಯೂ ಬಂದು ನೆಲಸಿದನು.

ಆ ಕಾಲದ ಸಾನ್‌ಫ್ರಾನ್ಸಿಸ್ಕೋ ನಗರದ ಬ್ಯಾಂಕಿನ ವ್ಯವಹಾರವು ನಮ್ಮ ಹಿರಿಯರ ಹುಂಡಿಯ ಪೇಢಿಗಳ ವ್ಯವಹಾರಕ್ಕೆ ಬಹಳ ಸಮೀಪವಾದುದು. 1849ರ ಕ್ಯಾಲಿಫೋರ್ನಿಯಾ ಸಂವಿಧಾನವು ಬ್ಯಾಂಕುಗಳು ನೋಟು ಹೊರಡಿಸುವುದನ್ನು ನಿಷೇಧಿಸಿತ್ತು. ಕಾಗದದ ನೋಟಿನಿಂದ ಕೈಸುಟ್ಟುಕೊಂಡ ಜನರೇ ಅಲ್ಲಿಗೆ ಬಂದು ನೆಲಸಿದ್ದರು. ಆದುದರಿಂದ ಎಲ್ಲವೂ ನಾಣ್ಯ, ಇಲ್ಲವೆ ಚಿನ್ನದ ಪುಡಿ. ಗಣಿಯವನು ಚರ್ಮದ ಚೀಲದಲ್ಲಿ ಪುಡಿಯನ್ನು ತರುವನು. ಅದನ್ನು ತೂಗಿ, ಔನ್ಸಿಗೆ 16 ಡಾಲರಿನ ಆಸುಪಾಸಿನಲ್ಲಿ ಬೆಲೆ ಕಟ್ಟುವರು. ತಿಂಗಳಿಗೆ ಎರಡು ಸಲ ಪನಾಮಾ ಮಾರ್ಗವಾಗಿ ನ್ಯೂಯಾರ್ಕಿಗೆ ಹೋಗುವ ಹಡಗಿನಲ್ಲಿ ಚಿನ್ನವನ್ನು ಕಳುಹಿಸಿ, ಅದರ ಆಧಾರದ ಮೇಲೆ ಅಲ್ಲಿಗೆ ಹುಂಡಿ ಬರೆದು ಮಾರುವರು. ಹಡಗು ಹೊರಡುವ ಮುನ್ನಾ ದಿನವೇ ಊರಿನ ಸಾಲ ವಸೂಲಿಯ ದಿನ. ಅಂದು ವರ್ತಕರ ಗುಮಾಸ್ತರು ನಾಣ್ಯದ ಚೀಲಗಳನ್ನು ಹೊತ್ತು ಬೀದಿ ತುಂಬ ಓಡಾಡುವರು. ತಂತಿಯಿಲ್ಲ. ಪೂರ್ವದ ಸುದ್ದಿ ಪಶ್ಚಿಮಕ್ಕೆ ಮುಟ್ಟಲು ಮೂರು ನಾಲ್ಕು ವಾರಗಳು ಬೇಕು. ಬಡ್ಡಿಯಾದರೋ ನೂರಕ್ಕೆ ತಿಂಗಳಿಗೆ ಮೂರು! ವರ್ಷಕ್ಕೆ ನೂರಕ್ಕೆ ಮೂವತ್ತಾರಾಯಿತು. ಇಂಥ ಬಡ್ಡಿಯನ್ನು ತೆತ್ತು ಯಾವ ನ್ಯಾಯವಾದ ವ್ಯಾಪಾರ ತಾನೇ ಬದುಕೀತು? ಈ ಪ್ರಶ್ನೆಯನ್ನು ಆಗ ಕೇಳಿದವರು ಕೆಲವರೇ. ಶೆರ್ಮನ್ನನು ಅವರಲ್ಲೊಬ್ಬ.

ಮಾಂಟ್ಗೊಮರಿ ಮತ್ತು ಜ್ಯಾಕ್ಸನ್ ಬೀದಿಗಳು ಕೂಡುವಲ್ಲಿ, ನಿವೇಶನ ಕಟ್ಟಡಗಳೆರಡೂ ಸೇರಿ ಸುಮಾರು 82,000 ಡಾಲರು ವೆಚ್ಚದಲ್ಲಿ, ಮೂರು ಅಂತಸ್ತಿನ ಇಟ್ಟಿಗೆಯ ಕಟ್ಟಡವೊಂದನ್ನು ಆತನು ಕಟ್ಟಿಸಿದನು. 1849ರಿಂದ 1851ರೊಳಗೆ ಆ ಊರು ಆರು ಸಲ ಬೆಂಕಿಗೆ ಆಹುತಿಯಾಗಿತ್ತು. ಮರದ ಮನೆಯಲ್ಲಿ ಪರರ ಹಣವಿಡುವುದು ಆತನಿಗೆ ಸರಿತೋರಲಿಲ್ಲ. 1854ರಲ್ಲಿ ಲೂಕಸ್ ಟರ್ನರ್ ಕಂಪೆನಿಯು ಅಲ್ಲಿಗೆ ಸ್ಥಳಾಂತರವಾಯಿತು. ಕಡಲಿನ ತೇವದ ಗಾಳಿಯಿಂದ ಆತನಿಗೆ ಉಬ್ಬಸ ಹತ್ತಿ, ಎಷ್ಟೋ ರಾತ್ರಿಗಳನ್ನು ಕುಳಿತೇ ಕಳೆಯಬೇಕಾಗುತ್ತಿತ್ತು.

ಆ ಊರಿನಲ್ಲಿ ಹೆನ್ರಿ ಮೆಗ್ಸ್ ಎಂಬ ಮರದ ವ್ಯಾಪಾರಿಯಿದ್ದನು. ಬಂದರಿಗೆ ದೊಡ್ಡ ಕಟ್ಟೆಯನ್ನು ಕಟ್ಟಿಸಿ, ನಗರಸಭೆಯ ಸದಸ್ಯನಾಗಿ, ಪ್ರಾಮಾಣಿಕ ಹ್ಯಾರಿ ಎಂದೇ ಜನರಿಂದ ಕರೆಸಿಕೊಂಡವನು. ಎಲ್ಲ ಬ್ಯಾಂಕುಗಳೂ ಅವನಿಗೆ ಸಾಲ ಕೊಡಲು ತಾ ಮುಂದು ನಾ ಮುಂದು ಎನ್ನುತ್ತಿದ್ದವು. ಶೆರ್ಮನ್ನನ ಬ್ಯಾಂಕಿನಿಂದಲೂ ಆತನು ದೊಡ್ಡ ಮೊತ್ತವನ್ನು ಪಡೆದಿದ್ದನು. ಎಷ್ಟು ಬಡ್ಡಿಯಾದರೂ ಸರಿ ಎನ್ನುವ ಗಿರಾಕಿಯನ್ನು ಕಂಡರೆ ಸಾಮಾನ್ಯ ಸಾಹುಕಾರನು ಹಿಗ್ಗುವನು, ಶೆರ್ಮನ್ನನು ಅನುಮಾನಪಟ್ಟನು. ಸಾಲವನ್ನು ಇಳಿಸಬೇಕೆಂದು ಹಟ ಹಿಡಿದು, ಅದರ ಬಹುಭಾಗವನ್ನು ಬೇರೊಂದು ಪೇಢಿಯ ಜವಾಬ್ದಾರಿಯ ಪತ್ರಗಳಿಗೆ ಬದಲಾಯಿಸಿಕೊಂಡನು. 1854ರ ಅಕ್ಟೋಬರಿನಲ್ಲಿ ಮೆಗ್ಸನು ಸಂಸಾರ ಸಮೇತನಾಗಿ ಹಡಗು ಹತ್ತಿ ಚಿಲಿ ದೇಶಕ್ಕೆ ಓಡಿಹೋದನು. ನಗರಸಭೆಯ ಹುಂಡಿಗಳಿಗೆ ಸುಳ್ಳು ರುಜು ಹಾಕಿ ಅಡವಿಟ್ಟಿದ್ದನೆಂಬುದು ಆಮೇಲೆ ಬಯಲಾಯಿತು. ಊರಿನ ಸಾಲಗಾರರು ತಲೆಯ ಮೇಲೆ ಕೈಹೊತ್ತು ಕುಳಿತರು. ಲೂಕಸ್ ಟರ್ನರ್ ಕಂಪೆನಿಗೆ ತಗಲಿದ ಪೆಟ್ಟು ಅಲ್ಪವೇ. ಆ ಮೆಗ್ಸನು ಮುಂದೆ ಚಿಲಿ ಮತ್ತು ಪೆರು ದೇಶಗಳಲ್ಲಿ ರೈಲುಮಾರ್ಗಗಳನ್ನು ಹಾಕಿಸಿ ಮತ್ತೊಮ್ಮೆ ಶ್ರೀಮಂತನಾದನು. ಲಕ್ಷ್ಮಿಯ ನಡೆ ವಿಚಿತ್ರ.

ನಿಜವಾದ ಪರೀಕ್ಷೆ ಬಂದುದು 1855ರ ಫೆಬ್ರವರಿಯಲ್ಲಿ. ಊರಿನ ಅತಿ ದೊಡ್ಡ ಬ್ಯಾಂಕುಗಳಲ್ಲೊಂದಾದ ಪೇಜ್ ಬೇಕನ್ ಕಂಪೆನಿಯ ಮೂಲ ಸಂಸ್ಥೆಯೂ ಸೈಂಟ್ ಲೂಯಿಯಲ್ಲಿತ್ತು. ಒಹಾಯೋ ಮಿಸಿಸಿಪ್ಪಿ ರೈಲುಮಾರ್ಗಕ್ಕೆ ಮಿತಿಮೀರಿ ಹಣ ಸುರಿದು ಆ ಮೂಲ ಸಂಸ್ಥೆಯು ಜನವರಿಯಲ್ಲಿಯೇ ಬಾಗಿಲು ಹಾಕಿತ್ತು. ಆ ಸುದ್ದಿಯನ್ನು ಹೊತ್ತ ಹಡಗು ಫೆಬ್ರವರಿಯ ಮಧ್ಯದಲ್ಲಿ ಬಂದಿತು. ಬಂದ ಗಳಿಗೆಯಿಂದಲೇ ಠೇವಣಿದಾರರು ಪೇಜ್ ಬೇಕನ್ ಬಾಗಿಲಿಗೆ ಮುತ್ತಿದರು. ಊರಿನ ಗಣ್ಯರು ಒಂದು ರಾತ್ರಿ ಸಭೆ ಸೇರಿ, ಆ ಬ್ಯಾಂಕು ಭದ್ರವಾಗಿದೆಯೆಂದು ಎಲ್ಲರೂ ಸಹಿ ಮಾಡಿ ಪ್ರಕಟಿಸೋಣವೆಂದರು. ಶೆರ್ಮನ್ನನ ಮುಂದೆಯೂ ಕಾಗದ ಬಂದಿತು. ಲೆಕ್ಕದ ಪುಸ್ತಕಗಳನ್ನು ತಾನು ಕಣ್ಣಿನಿಂದ ನೋಡದೆ ಸಹಿ ಹಾಕುವುದಿಲ್ಲವೆಂದು ಆತನು ಖಂಡಿತವಾಗಿ ಹೇಳಿಬಿಟ್ಟನು. ನೆರೆಯ ಪೇಢಿಯು ಮುಳುಗುತ್ತಿರುವಾಗ ಇದು ನಿಷ್ಠುರವೆಂದು ತೋರಬಹುದು. ಆದರೆ ಆತನ ಸಹಿಯನ್ನು ನಂಬಿ ಹಣ ಬಿಟ್ಟು ಹೋಗುವ ಬಡ ಗಣಿಗಾರನಿಗೆ ಉತ್ತರ ಹೇಳುವವರು ಯಾರು? ಕಣ್ಣಾರೆ ಕಾಣದುದಕ್ಕೆ ಸಾಕ್ಷಿ ನುಡಿಯಲು ಆತನು ಒಪ್ಪಲಿಲ್ಲ, ಅಷ್ಟೇ.

ಫೆಬ್ರವರಿ 22ರಂದು ಪೇಜ್ ಬೇಕನ್ ಮುಚ್ಚಿತು. ಮರುದಿನ ಶುಕ್ರವಾರ, ಅದಕ್ಕಿಂತಲೂ ಹೆಚ್ಚು ಹೆಸರು ಮಾಡಿದ್ದ, ಗಣಿಯ ಊರೂರಿನಲ್ಲಿ ಶಾಖೆಗಳಿದ್ದ ಆಡಮ್ಸ್ ಕಂಪೆನಿಯು ಬಾಗಿಲು ತೆರೆಯಲೇ ಇಲ್ಲ. ಆ ದಿನವನ್ನು ಕಪ್ಪು ಶುಕ್ರವಾರವೆಂದು ಅಲ್ಲಿಯ ಚರಿತ್ರೆ ಕರೆಯುತ್ತದೆ. ವೆಲ್ಸ್ ಫಾರ್ಗೋ ಕಂಪೆನಿಯೂ ಕೆಲವು ದಿನ ಬಾಗಿಲು ಹಾಕಿ ಆಮೇಲೆ ತೆರೆಯಿತು. ಶುಕ್ರವಾರ ಬೆಳಿಗ್ಗೆ ಜನಸಮುದ್ರವು ಲೂಕಸ್ ಟರ್ನರ್ ಕಂಪೆನಿಯ ಕಡೆಗೆ ತಿರುಗಿತು.

ಶೆರ್ಮನ್ನನು ಈ ದಿನವನ್ನು ನಿರೀಕ್ಷಿಸಿ ಹಲವು ವಾರಗಳಿಂದ ಹೊಸ ಸಾಲಗಳನ್ನು ನಿಲ್ಲಿಸಿ, ಹಳೆಯವುಗಳನ್ನು ವಸೂಲು ಮಾಡಿ, ನಾಣ್ಯವನ್ನು ಕೂಡಿಟ್ಟಿದ್ದನು. ಆದರೆ ಯಾವ ಬ್ಯಾಂಕಿನ ತಿಜೋರಿಯಲ್ಲಿಯೂ ಠೇವಣಿಯೆಲ್ಲವೂ ಒಂದೇ ದಿನ ಇರುವುದಿಲ್ಲವೆಂಬುದು ತಿಳಿದ ಮಾತಾಗಿದೆ. ಬಾಗಿಲು ತೆರೆದೊಡನೆ ಜನರು ನುಗ್ಗಿದರು. ಪಾಲುದಾರನಾದ ನಿಸ್ಬೆಟ್ಟನೂ ಗುಮಾಸ್ತರೂ ಮುಖದಲ್ಲಿ ಆತಂಕ ತೋರಗೊಡದೆ ಒಬ್ಬೊಬ್ಬರ ಚೀಟಿಯನ್ನೂ ನೋಡಿ ನಾಣ್ಯ ಎಣಿಸಿ ಕೊಡುತ್ತ ಹೋದರು. ಶೆರ್ಮನ್ನನು ಬ್ಯಾಂಕಿಗೆ ಹಣ ಬರಬೇಕಾದವರ, ಸಹಾಯ ಮಾಡಬಲ್ಲ ಗೆಳೆಯರ ಮನೆಗಳಿಗೆ ತಾನೇ ಹೋದನು. ಒಬ್ಬರು ಕೈಯೆತ್ತಿದರು, ಒಬ್ಬರು ಕೊಟ್ಟರು. ದೊರೆತ ನಾಣ್ಯವೆಲ್ಲ ಬ್ಯಾಂಕಿನ ಮೇಜಿಗೆ ಬಂದಿತು. ಜನರ ನಡುವೆ ಒಬ್ಬ ಫ್ರೆಂಚನಿದ್ದನಂತೆ. ಹಣ ಕೊಡಿರೆಂದು ಗದ್ದಲವೆಬ್ಬಿಸಿದವನು, ಹಣವು ಇದೆಯೆಂದು ಕಂಡೊಡನೆ ಹಾಗಾದರೆ ತನಗೆ ಬೇಡವೆಂದೂ, ಇಲ್ಲದಿದ್ದರೆ ಮಾತ್ರ ಬೇಕೇ ಬೇಕೆಂದೂ ಹೇಳಿದನಂತೆ. ಈ ಮಾತಿಗೆ ನಗು ಬರುವುದು ನಿಜ. ಆದರೆ ಬ್ಯಾಂಕಿನ ವ್ಯವಹಾರದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಡಿತನೂ ಹೇಳಲಾರನು. ಮಧ್ಯಾಹ್ನ ಕಳೆಯುತ್ತಲೇ ಗುಂಪು ಕರಗತೊಡಗಿತು. ಕೇಳಿದವರಿಗೆಲ್ಲ ಕೊಟ್ಟು ಮುಗಿಸಿ, ಎಂದಿನ ವೇಳೆಗೆ ಎಂದಿನಂತೆ ಬಾಗಿಲು ಹಾಕಲಾಯಿತು. ಚಿನ್ನವನ್ನು ಮನೆಗೊಯ್ದವರಿಗೆ ಅದನ್ನು ಇಡಲು ಭದ್ರವಾದ ಸ್ಥಳವಿರಲಿಲ್ಲ. ಬಿಟ್ಟುಹೋದ ಠೇವಣಿಗಳು ತಾವಾಗಿಯೇ ಹಿಂದಿರುಗಿದವು. ಪೇಜ್ ಬೇಕನ್ ಒಮ್ಮೆ ತೆರೆದು ಮತ್ತೆ ಮುಚ್ಚಿತು. ಆಡಮ್ಸ್ ಕಂಪೆನಿಯು ಮತ್ತೆ ತೆರೆಯಲೇ ಇಲ್ಲ. ಅದರಲ್ಲಿ ಹಣವಿಟ್ಟ ಎಷ್ಟೋ ಗಣಿಗಾರರ ವರ್ಷಗಳ ದುಡಿಮೆ ಮಣ್ಣುಗೂಡಿತು.

1856ರಲ್ಲಿ, ಹಿಂದೆ ಬ್ಯಾಂಕು ನಡೆಸಿ ಸೋತು ಪತ್ರಿಕಾ ಸಂಪಾದಕನಾಗಿದ್ದ ಜೇಮ್ಸ್ ಕಿಂಗ್ ಎಂಬಾತನು ಹಾಡಹಗಲೇ ಗುಂಡೇಟಿಗೆ ಗುರಿಯಾದಾಗ ಊರಿನವರು ಕಾನೂನನ್ನು ತಮ್ಮ ಕೈಗೆ ತೆಗೆದುಕೊಂಡರು. ಶೆರ್ಮನ್ನನು ಆಗ ರಾಜ್ಯದ ನಾಗರಿಕ ಪಡೆಯ ಮುಖ್ಯಸ್ಥನಾಗಿದ್ದು, ಶಸ್ತ್ರಗಳು ದೊರೆಯದೆ ಆ ಹುದ್ದೆಯನ್ನು ಬಿಟ್ಟನು. ಅದು ಬೇರೆಯೇ ಕಥೆ, ಇಲ್ಲಿ ಬೆಳೆಸಬೇಕಾದುದಿಲ್ಲ.

ಗಣಿಗಳ ಇಳುವರಿ ಇಳಿಯುತ್ತ ಬಂದಿತು. ಮನೆ ನಿವೇಶನಗಳ ಬೆಲೆ ಕುಸಿಯಿತು. ಬಂಡವಾಳಕ್ಕೆ ತಕ್ಕ ಲಾಭವಿಲ್ಲವೆಂದು ಲೂಕಸನಿಗೆ ಶೆರ್ಮನ್ನನೇ ಬರೆದನು. ತನ್ನ ಉದ್ಯೋಗಕ್ಕೆ ತಾನೇ ಕೊಡಲಿ ಹಾಕಿಕೊಳ್ಳುವ ಸಲಹೆಯನ್ನು ಎಷ್ಟು ಜನ ಮೇಲ್ವಿಚಾರಕರು ಕೊಟ್ಟಾರು? ಮುಂಚಿತವಾಗಿ ಪ್ರಕಟಣೆ ಕೊಟ್ಟು, ಠೇವಣಿದಾರರನ್ನು ಕರೆದು ಹಣ ತೀರಿಸಿ, ಉಳಿದ ಖಾತೆಗಳನ್ನು ಬೇರೊಂದು ಬ್ಯಾಂಕಿಗೆ ಒಪ್ಪಿಸಿ, 1857ರ ಮೇ 1ರಂದು ಬ್ಯಾಂಕನ್ನು ಮುಚ್ಚಲಾಯಿತು. ಆತನು ನ್ಯೂಯಾರ್ಕಿಗೆ ಹೋಗಿ ಅದೇ ಕಂಪೆನಿಯ ಶಾಖೆಯನ್ನು ಜುಲೈ ತಿಂಗಳಲ್ಲಿ ತೆರೆದನು. ಆಗಸ್ಟಿನಲ್ಲಿ ಒಹಾಯೋದ ಒಂದು ದೊಡ್ಡ ಸಂಸ್ಥೆ ಬಿದ್ದು ದೇಶವ್ಯಾಪಿ ಆರ್ಥಿಕ ಗಾಬರಿ ಆರಂಭವಾಯಿತು. ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಚಿನ್ನವನ್ನು ಹೊತ್ತು ಬರುತ್ತಿದ್ದ ಸೆಂಟ್ರಲ್ ಅಮೆರಿಕಾ ಎಂಬ ಹಡಗು ನೂರಾರು ಜನರೊಡನೆ ಮುಳುಗಿತು. ಅಕ್ಟೋಬರಿನಲ್ಲಿ ಸೈಂಟ್ ಲೂಯಿಯ ಮೂಲ ಸಂಸ್ಥೆಯೇ ಪಾವತಿಯನ್ನು ನಿಲ್ಲಿಸಿದ್ದರಿಂದ ನ್ಯೂಯಾರ್ಕಿನ ಶಾಖೆಯೂ ಮುಚ್ಚಿತು.

ಇಷ್ಟರಲ್ಲಿ ಆತನ ಎದೆಯ ಮೇಲೆ ಮತ್ತೊಂದು ಭಾರವಿತ್ತು. ಸೈನ್ಯದ ಹಳೆಯ ಗೆಳೆಯರು ದೂರದೂರದ ಠಾಣೆಗಳಿಂದ ತಮ್ಮ ಉಳಿತಾಯವನ್ನು ಕಳುಹಿಸಿ, ಇದನ್ನು ಬೆಳೆಸಿಕೊಡಬೇಕೆಂದು ಕೇಳಿಕೊಂಡಿದ್ದರು. ಎಲ್ಲವೂ ಸೇರಿ ಸುಮಾರು 1,30,000 ಡಾಲರುಗಳಾಗಿದ್ದವು. ಇದು ಬ್ಯಾಂಕಿನ ಠೇವಣಿಯಲ್ಲ. ಗೆಳೆತನದ ಮೇಲೆ ಆತನ ಕೈಗೆ ಬಂದ, ಆತನು ಅವರ ಪರವಾಗಿ ಅಡವುಗಳ ಮೇಲೂ ನಗರದ ಪತ್ರಗಳ ಮೇಲೂ ತೊಡಗಿಸಿದ ಹಣ. ಒಳ್ಳೆಯ ಕಾಲದಲ್ಲಿ ಗೆಳೆಯರಿಗೆ ಕೈತುಂಬ ಬಡ್ಡಿ ಹೋಗಿತ್ತು. ಬೆಲೆಗಳು ಬಿದ್ದಾಗ ಅಡವು ಇಟ್ಟವರು ತಪ್ಪಿಸಿಕೊಂಡರು. ಅಡವಿನ ನಿವೇಶನಗಳನ್ನು ಕೊಳ್ಳುವವರಿಲ್ಲ. ಕಾನೂನಿನ ಪ್ರಕಾರ ನಷ್ಟವು ಹಣ ಹಾಕಿದವರದೇ. ಯಾವ ನ್ಯಾಯಾಲಯವೂ ಶೆರ್ಮನ್ನನಿಂದ ಒಂದು ಕಾಸನ್ನೂ ಕೊಡಿಸುತ್ತಿರಲಿಲ್ಲ. ಹೆಂಡತಿ ಮಕ್ಕಳುಳ್ಳ, ಉದ್ಯೋಗ ಕಳೆದುಕೊಂಡ, ಮೂವತ್ತೇಳು ವರ್ಷದ ಮನುಷ್ಯನು ಲೆಕ್ಕದ ಪುಸ್ತಕವನ್ನು ಮುಚ್ಚಿ ಕೈತೊಳೆದುಕೊಂಡಿದ್ದರೆ ಯಾರೂ ಬೆರಳೆತ್ತುವಂತಿರಲಿಲ್ಲ.

ಆತನು ಹಾಗೆ ಮಾಡಲಿಲ್ಲ. ತನ್ನನ್ನು ನೋಡಿ ಅವರು ಕೊಟ್ಟರು, ಆದುದರಿಂದ ತಾನೇ ಹೊಣೆ ಎಂದು ನಿಶ್ಚಯಿಸಿ, ನಷ್ಟವನ್ನು ತನ್ನ ಕೈಯಿಂದ ಭರ್ತಿ ಮಾಡಿದನು. ಅನೇಕ ವರ್ಷಗಳ ಉಳಿತಾಯ ಇದರಲ್ಲಿ ಕರಗಿತು. 1858ರ ಜನವರಿಯಲ್ಲಿ ಮತ್ತೆ ಸಾನ್‌ಫ್ರಾನ್ಸಿಸ್ಕೋಗೆ ಹೋಗಿ, ಉಬ್ಬಸದಿಂದ ಏದುತ್ತ ಆರು ತಿಂಗಳು ಸಾಲಗಾರರ ಬಾಗಿಲುಗಳನ್ನು ತಟ್ಟಿದನು. ಬಂದಷ್ಟನ್ನು ಸಂಗ್ರಹಿಸಿ ಲೂಕಸನ ಲೆಕ್ಕಕ್ಕೂ ಗೆಳೆಯರ ಲೆಕ್ಕಕ್ಕೂ ಸೇರಿಸಿದನು. ತಂದೆಯು 1817ರಲ್ಲಿ ಮಾಡಿದುದನ್ನೇ ಮಗನು ನಾಲ್ಕು ದಶಕಗಳ ತರುವಾಯ ಮಾಡಿದನು. ಹೀಗೆ ಹಣ ಹಿಂಪಡೆದ ಅಧಿಕಾರಿಗಳಲ್ಲಿ ಕೆಲವರು ಕೆಲವೇ ವರ್ಷಗಳಲ್ಲಿ ರಣರಂಗದಲ್ಲಿ ಆತನ ಎದುರು ಪಕ್ಷದಲ್ಲಿ ನಿಂತರು.

ಆ ಜುಲೈಯಲ್ಲಿ ಊರಿಗೆ ಹಿಂದಿರುಗಿದವನ ಕೈ ಬರಿದಾಗಿತ್ತು. ಕ್ಯಾನ್ಸಾಸಿನಲ್ಲಿ ವಕೀಲಿಯನ್ನು ಪ್ರಯತ್ನಿಸಿದನು, ಕೈಹತ್ತಲಿಲ್ಲ. 1859ರಲ್ಲಿ ಲೂಯಿಸಿಯಾನಾ ರಾಜ್ಯದ ಹೊಸ ಸೈನಿಕ ಶಾಲೆಯ ಮುಖ್ಯಸ್ಥನ ಕೆಲಸ ದೊರೆಯಿತು. 1861ರಲ್ಲಿ ಯುದ್ಧವು ಬಂದಾಗ ಮತ್ತೆ ಸೈನ್ಯಕ್ಕೆ ಸೇರಿದನು. ಮುಂದಿನದು ಲೋಕವಿಖ್ಯಾತವಾದ ಹಿಂಸೆಯ ಅಧ್ಯಾಯ. ಅದರಿಂದ ಬಂದ ಕೀರ್ತಿಯೂ ಶಾಪವೂ ಎರಡೂ ಆತನಿಗೆ ಸಂದಿವೆ. 1869ರಿಂದ 1883ರವರೆಗೆ ದೇಶದ ಸೈನ್ಯಕ್ಕೆಲ್ಲ ಮುಖ್ಯಾಧಿಪತಿಯಾಗಿದ್ದನು. 1875ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥೆಯಲ್ಲಿ ಯುದ್ಧದ ಅಧ್ಯಾಯಗಳ ನಡುವೆ ಬ್ಯಾಂಕಿನ ದಿನಗಳಿಗೂ ಸಾಕಷ್ಟು ಪುಟಗಳನ್ನು ಕೊಟ್ಟಿರುವನು. ಆತನ ತಮ್ಮ ಜಾನ್ ಶೆರ್ಮನ್ ಖಜಾನೆಯ ಮಂತ್ರಿಯಾಗಿದ್ದಾಗ, 1879ರ ಜನವರಿ 1ರಿಂದ, ಯುದ್ಧಕಾಲದ ಕಾಗದದ ನೋಟುಗಳಿಗೆ ಸರಕಾರವು ಮತ್ತೆ ಚಿನ್ನದ ನಾಣ್ಯವನ್ನು ಕೊಡತೊಡಗಿತು. ರದ್ದಾದ ನೋಟುಗಳಿಂದ ಬಾಳು ಕೆಟ್ಟ ತಂದೆಯ ಮಕ್ಕಳಿಬ್ಬರ ಪಾಲಿಗೆ ಇಂಥ ಕೆಲಸಗಳೇ ಬಂದುದು ವಿಶೇಷವೆನ್ನಬೇಕು.

1891ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಶೆರ್ಮನ್ನನು ತೀರಿಕೊಂಡನು. ಮಾಂಟ್ಗೊಮರಿ ಮತ್ತು ಜ್ಯಾಕ್ಸನ್ ಬೀದಿಗಳ ಮೂಲೆಯಲ್ಲಿ ಆತನು ಕಟ್ಟಿಸಿದ ಇಟ್ಟಿಗೆಯ ಕಟ್ಟಡವು ಇಂದಿಗೂ ನಿಂತಿದೆ. 1906ರ ಭೂಕಂಪದಿಂದಾಗಿ ಅದರ ಮೇಲಿನ ಅಂತಸ್ತು ಹೋಯಿತು. ಆ ಶುಕ್ರವಾರ ಜನರು ಚೀಟಿ ಹಿಡಿದು ನುಗ್ಗಿದ ಕೆಳಗಿನ ಭಾಗವು ಹಾಗೆಯೇ ಉಳಿದಿದೆ.